ಕಾಮಿಕ್ಸ್ ಬರೆದವರು ಯಾರು?

ಕನ್ನಡದಲ್ಲಿ ನಾವು ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಸ್ಕೂಲಿನಲ್ಲಿ ಮೇಷ್ಟ್ರು ‘ಹಸುವಿನ ಬಗ್ಗೆ ಹತ್ತು ಸಾಲು ಬರಿ’ ಅಂದ ಬಾಯಲ್ಲೇ ‘ಪಕ್ಕದಲ್ಲಿ ಒಂದು ಹಸು ಬರಿ’ ಅಂತಲೂ ಅನ್ನುತ್ತಿದ್ದರು. ಎರಡೂ ಕೆಲಸಕ್ಕೆ ಒಂದೇ ಮಾತು. ಇಂಗ್ಲಿಷಿನವರಿಗೆ ಈ ಅನುಕೂಲ ಇಲ್ಲ. ಅವರಲ್ಲಿ ಕಥೆಗೊಂದು ಪದ, ಚಿತ್ರಕ್ಕೆ ಇನ್ನೊಂದು. ಆ ಎರಡು ಪದಗಳ ಸಂದಿಯಲ್ಲೇ ಅಮೆರಿಕದ ಕಾಮಿಕ್ಸ್ ಲೋಕದ ಅತಿ ದೊಡ್ಡ ಜಗಳ ಹುಟ್ಟಿತು. ಹತ್ತಿರ ಹತ್ತಿರ ಅರ್ಧ ಶತಮಾನ ನಡೆದು, ಅಲ್ಲಿನ ಸುಪ್ರೀಂ ಕೋರ್ಟಿನ ಹೊಸ್ತಿಲವರೆಗೆ ಹೋಗಿ ನಿಂತಿತು.

ಮಾರ್ವೆಲ್ ಸಿನಿಮಾ ನೋಡಿದವರಿಗೆ ಸ್ಟ್ಯಾನ್ ಲೀ ಗೊತ್ತು. ಎಷ್ಟೋ ಸಿನಿಮಾಗಳಲ್ಲಿ ಒಂದು ಗಳಿಗೆ ಬಂದು ನಗಿಸಿ ಹೋಗುತ್ತಿದ್ದ, ಕನ್ನಡಕ ಹಾಕಿದ, ಬಿಳಿ ಮೀಸೆಯ ಅಜ್ಜ. ಆ ಸಿನಿಮಾಗಳ ಹೆಸರಿನ ಪಟ್ಟಿಯಲ್ಲಿ ಅವರ ಪಕ್ಕದಲ್ಲಿ ಇನ್ನೊಂದು ಹೆಸರು ಕಾಣುತ್ತದೆ. ಜಾಕ್ ಕರ್ಬಿ. ಈ ಮನುಷ್ಯನ ಮುಖ ಎಷ್ಟು ಜನಕ್ಕೆ ಗೊತ್ತು? ಕರ್ಬಿ 1994ರಲ್ಲೇ ತೀರಿಕೊಂಡರು. ಸಿನಿಮಾಗಳು ಹಣದ ಹೊಳೆ ಹರಿಸಿದ್ದು ಆಮೇಲೆ.

‘ಲೀ ಬರೆದರು, ಕರ್ಬಿ ಚಿತ್ರ ಹಾಕಿದರು’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಜನ ಹೇಳುವುದೂ ಹಾಗೇ. ಆದರೆ ಆ ಸಾಲು ಇಡೀ ವಿಷಯವನ್ನೇ ಮುಚ್ಚಿಹಾಕುತ್ತದೆ.

ಒಂದು ವಾಕ್ಯ, ಎಷ್ಟು ಚೌಕ?

ಒಂದು ಸಣ್ಣ ಆಟ ಆಡೋಣ. ‘ರಂಗಪ್ಪ ಮನೆಗೆ ಬಂದು ಮೇಜಿನ ಮೇಲಿದ್ದ ಕಾಗದ ಓದಿ ಕುಸಿದು ಕೂತ’ ಅಂತ ನಾನು ಬರೆದುಕೊಡುತ್ತೇನೆ. ನೀವು ಚಿತ್ರ ಬರೆಯಿರಿ.

ಎಷ್ಟು ಚೌಕದಲ್ಲಿ ಬರೆಯುತ್ತೀರಿ? ಐದರಲ್ಲಿ ಬರೆದರೆ ಹೀಗಾಗುತ್ತದೆ. ಬಾಗಿಲು. ಬಿಟ್ಟ ಚಪ್ಪಲಿ. ಕಾಗದ ಎತ್ತುವ ಕೈ. ಬದಲಾಗುವ ಮುಖ. ಕುಸಿದ ಮೈ. ಓದುವವನು ರಂಗಪ್ಪನ ಜೊತೆಗೇ ನಿಧಾನ ನಡೆದು ಬರುತ್ತಾನೆ. ಎರಡೇ ಚೌಕದಲ್ಲಿ ಬರೆದರೆ? ಬಾಗಿಲು ತೆಗೆಯುವ ರಂಗಪ್ಪ, ಆಮೇಲೆ ನೆಲದ ಮೇಲೆ ಬಿದ್ದ ಕಾಗದ. ನಡುವೆ ಆಗಿದ್ದನ್ನು ಓದುವವನೇ ಊಹಿಸಿಕೊಳ್ಳಬೇಕು, ಎದೆ ಧಸಕ್ ಅನ್ನುತ್ತದೆ. ಇನ್ನು ಆ ಎರಡನೇ ಚೌಕವನ್ನು ಪುಟ ತಿರುಗಿಸಿದ ಮೇಲೆ ಇಟ್ಟರಂತೂ ಬೇರೆಯೇ ಪರಿಣಾಮ. ರಂಗಪ್ಪನ ಮುಖವನ್ನು ತೋರಿಸುವುದೇ ಬೇಡ, ಬೆನ್ನು ಮಾತ್ರ ಸಾಕು ಅಂತಲೂ ನೀವು ತೀರ್ಮಾನಿಸಬಹುದು.

ನನ್ನ ವಾಕ್ಯದಲ್ಲಿ ಇದ್ಯಾವುದೂ ಇರಲಿಲ್ಲ. ಓದುವವನ ಮೇಲೆ ಆದ ಪರಿಣಾಮವೆಲ್ಲ ನಿಮ್ಮದು. ಹಾಗಾದರೆ ಈ ಕಥೆ ಬರೆದವರು ಯಾರು? ರಂಗಪ್ಪನನ್ನೂ ಕಾಗದವನ್ನೂ ನಾನು ಕೊಟ್ಟೆ, ನಿಜ. ಆದರೆ ವೇಗ, ಮೌನ, ನಟನೆ, ಕ್ಯಾಮೆರಾ, ಎಡಿಟಿಂಗ್ ಎಲ್ಲ ನೀವು ಮಾಡಿದ್ದು. ಸಿನಿಮಾದಲ್ಲಿ ನಾಲ್ಕೈದು ಜನ ಹಂಚಿಕೊಳ್ಳುವ ಕೆಲಸವನ್ನು ಕಾಮಿಕ್ಸಿನಲ್ಲಿ ಒಬ್ಬ ಕಲಾವಿದ ಒಂದು ಪೆನ್ಸಿಲ್ ಹಿಡಿದು ಮಾಡುತ್ತಾನೆ.

ಪೆನ್ಸಿಲ್ ಆದ ಮೇಲೆ ಅದರ ಮೇಲೆ ಇಂಕ್ ತಿದ್ದುವವರು, ಮಾತಿನ ಬಲೂನಿನೊಳಗೆ ಅಕ್ಷರ ಬರೆಯುವವರು, ಬಣ್ಣ ಹಾಕುವವರು ಬೇರೆ ಇರುತ್ತಾರೆ. ಅವರ ಕೆಲಸವೂ ಸಣ್ಣದಲ್ಲ, ಆದರೆ ಇವತ್ತಿನ ವಿಷಯ ಅದಲ್ಲ. ಬರಹಗಾರ ಮತ್ತು ಪೆನ್ಸಿಲ್ ಹಿಡಿದವನ ನಡುವೆ ಏನು ನಡೆಯುತ್ತದೆ ಅನ್ನುವುದಷ್ಟೇ ನೋಡೋಣ. ಯಾವುದೇ ಜೋಡಿಯ ಬಗ್ಗೆ ‘ಯಾರು ಬರೆದರು, ಯಾರು ಚಿತ್ರ ಹಾಕಿದರು’ ಅಂತ ಕೇಳುವ ಬದಲು ‘ಯಾವುದನ್ನು ಯಾರು ತೀರ್ಮಾನಿಸಿದರು’ ಅಂತ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಭಾವಗೀತೆ ಮತ್ತು ಸಿನಿಮಾ ಹಾಡು

ಈ ಜೋಡಿಗಳು ಕೆಲಸ ಮಾಡುವ ದಾರಿ ಮುಖ್ಯವಾಗಿ ಎರಡು. ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ, ಯಾಕೆಂದರೆ ನಮ್ಮ ಹಾಡುಗಳೂ ಹೀಗೇ ಹುಟ್ಟುತ್ತವೆ.

ಭಾವಗೀತೆಯಲ್ಲಿ ಕವಿತೆ ಮೊದಲು. ಕವಿ ಬರೆದು ಮುಗಿಸಿ ಎಷ್ಟೋ ವರ್ಷ ಆದ ಮೇಲೆ ಒಬ್ಬರು ಅದಕ್ಕೆ ರಾಗ ಹಾಕುತ್ತಾರೆ. ಸಿನಿಮಾ ಹಾಡಿನಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು. ಸಂಗೀತ ನಿರ್ದೇಶಕ ‘ತನನ ತಾನನ’ ಅಂತ ಹಾಡಿ ಕಳಿಸುತ್ತಾನೆ, ಸಾಹಿತಿ ಆ ಅಳತೆಗೆ ಮಾತು ಕೂರಿಸುತ್ತಾನೆ.

ಕಾಮಿಕ್ಸಿನ ಭಾವಗೀತೆ ಅಂದರೆ ಪೂರ್ತಿ ಸ್ಕ್ರಿಪ್ಟ್. ಎಷ್ಟನೇ ಪುಟ, ಎಷ್ಟನೇ ಚೌಕ, ಅದರಲ್ಲಿ ಯಾರಿದ್ದಾರೆ, ಏನು ಮಾತಾಡುತ್ತಾರೆ, ಎಲ್ಲವನ್ನೂ ಬರಹಗಾರ ಮೊದಲೇ ಬರೆದು ಕೊಡುತ್ತಾನೆ. ಇದನ್ನು ಅತಿರೇಕಕ್ಕೆ ಒಯ್ದವರು ಇಂಗ್ಲೆಂಡಿನ ಆಲನ್ ಮೂರ್. 1986ರಲ್ಲಿ ಶುರುವಾದ ‘ವಾಚ್‌ಮೆನ್’ ಅವರದು. ಅದರ ಮೊದಲ ಸಂಚಿಕೆಯ ಸ್ಕ್ರಿಪ್ಟು ಟೈಪ್ ಮಾಡಿದ 101 ಪುಟ ಇತ್ತು ಅಂತ ಚಿತ್ರಗಾರ ಡೇವ್ ಗಿಬ್ಬನ್ಸ್ ನೆನಪಿಸಿಕೊಂಡಿದ್ದಾರೆ. ಸಾಲುಗಳ ನಡುವೆ ಉಸಿರಾಡಲೂ ಜಾಗ ಇಲ್ಲ. ಸ್ಕ್ರಿಪ್ಟು ಕೈಗೆ ಬಂದ ಕೂಡಲೇ ಗಿಬ್ಬನ್ಸ್ ಮಾಡುತ್ತಿದ್ದ ಮೊದಲ ಕೆಲಸ ಪುಟಗಳಿಗೆ ಸಂಖ್ಯೆ ಹಾಕುವುದು. ಕೈತಪ್ಪಿ ನೆಲಕ್ಕೆ ಬಿದ್ದರೆ ಮತ್ತೆ ಜೋಡಿಸುವುದಕ್ಕೇ ಎರಡು ದಿನ ಬೇಕಲ್ವಾ!

ಇಷ್ಟು ಬರೆದುಕೊಟ್ಟರೆ ಚಿತ್ರಗಾರ ಬರೀ ಗುಮಾಸ್ತ ಅನ್ನಿಸಬಹುದು. ಹಾಗಾಗಲಿಲ್ಲ. ಪುಟಕ್ಕೆ ಒಂಬತ್ತು ಒಂದೇ ಅಳತೆಯ ಚೌಕಗಳನ್ನು ಇಟ್ಟು ಇಡೀ ಕಥೆಗೆ ಗಡಿಯಾರದಂಥ ತಾಳ ಕೊಟ್ಟದ್ದು ಗಿಬ್ಬನ್ಸ್. ಆ ತಾಳ ಕೇಳಿದ ಮೇಲೆ ಮೂರ್ ತಮ್ಮ ಬರವಣಿಗೆಯನ್ನೇ ಅದಕ್ಕೆ ಹೊಂದಿಸಿಕೊಂಡರು.

ಇನ್ನು ಸಿನಿಮಾ ಹಾಡಿನ ದಾರಿ. ಕಾಮಿಕ್ಸಿನಲ್ಲಿ ಅದಕ್ಕೆ ‘ಮಾರ್ವೆಲ್ ಮೆಥಡ್’ ಅಂತಲೇ ಹೆಸರು.

ಟ್ಯೂನ್ ಹಾಕಿದವರು, ಸಾಹಿತ್ಯ ಕೂರಿಸಿದವರು

1960ರ ದಶಕದ ಶುರುವಿನಲ್ಲಿ ಮಾರ್ವೆಲ್ ದೊಡ್ಡ ಕಂಪನಿ ಏನಲ್ಲ. ನ್ಯೂಯಾರ್ಕಿನಲ್ಲಿ ಕೆಲವೇ ಜನರ ಒಂದು ಆಫೀಸು. ಅಲ್ಲಿ ಸಂಪಾದಕರು ಸ್ಟ್ಯಾನ್ ಲೀ. ಹೆಚ್ಚಿನ ಪುಸ್ತಕಗಳ ಬರಹಗಾರರೂ ಅವರೇ. ಚಿತ್ರಗಾರರು ಸಂಬಳದವರಲ್ಲ, ಪುಟಕ್ಕೆ ಇಷ್ಟು ಅಂತ ದುಡ್ಡು. ಪುಟ ಇಲ್ಲ ಅಂದರೆ ದುಡ್ಡೂ ಇಲ್ಲ. ಒಬ್ಬರಿಗೆ ಸ್ಕ್ರಿಪ್ಟು ಬರೆಯುತ್ತಾ ಕೂತರೆ ಇನ್ನಿಬ್ಬರು ಕೆಲಸವಿಲ್ಲದೆ ಕಾಯಬೇಕು. ಅದಕ್ಕೆ ಲೀ ಪೂರ್ತಿ ಸ್ಕ್ರಿಪ್ಟು ಬರೆಯುವುದನ್ನು ಬಿಟ್ಟರು. ಕಥೆಯ ಎಳೆಯನ್ನು ಬಾಯಲ್ಲೋ, ಒಂದೆರಡು ಹಾಳೆಯಲ್ಲೋ ಹೇಳಿಬಿಡುವುದು. ಚಿತ್ರಗಾರ ಮನೆಗೆ ಹೋಗಿ ಇಪ್ಪತ್ತು ಚಿಲ್ಲರೆ ಪುಟ ಬರೆದು ತರುವುದು. ಆಮೇಲೆ ಲೀ ಆ ಚಿತ್ರಗಳನ್ನು ನೋಡಿಕೊಂಡು ಮಾತು ಕೂರಿಸುವುದು.

ಅಂದರೆ ಈ ಪದ್ಧತಿ ಕಲೆಯ ಬಗ್ಗೆ ಯಾರೋ ಕೂತು ಯೋಚಿಸಿ ಕಂಡುಹಿಡಿದದ್ದಲ್ಲ. ಕೆಲಸ ಜಾಸ್ತಿ, ಸಮಯ ಕಡಿಮೆ, ಅಷ್ಟೇ ಕಾರಣ.

ಇದೇ ಪದ್ಧತಿಯಲ್ಲಿ ಲೀ ಮತ್ತು ಕರ್ಬಿ 1961ರಿಂದ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರು ಸೂಪರ್‌ಹೀರೋಗಳ ಕಾಮಿಕ್ಸ್ ಶುರು ಮಾಡಿ ಬಿಡುವಿಲ್ಲದೆ 102 ಸಂಚಿಕೆ ತಂದರು. ಹಲ್ಕ್, ಥಾರ್, ಎಕ್ಸ್-ಮೆನ್, ಬ್ಲ್ಯಾಕ್ ಪ್ಯಾಂಥರ್ ಎಲ್ಲ ಆ ಒಂದು ದಶಕದ ಬೆಳೆ. ಇಬ್ಬರೂ ನ್ಯೂಯಾರ್ಕಿನ ಬಡ ಯಹೂದಿ ಕುಟುಂಬದ ಹುಡುಗರು. ಪರಿಚಯವೂ ಹಳೆಯದು. 1940ರ ಕೊನೆಯಲ್ಲಿ, ಮುಂದೆ ಮಾರ್ವೆಲ್ ಆದ ಕಂಪನಿಯಲ್ಲೇ, ಜೋ ಸೈಮನ್ ಜೊತೆ ಸೇರಿ ಕರ್ಬಿ ‘ಕ್ಯಾಪ್ಟನ್ ಅಮೆರಿಕ’ನನ್ನು ಹುಟ್ಟಿಸಿದ್ದರು. ಮೊದಲ ಸಂಚಿಕೆಯ ಮುಖಪುಟದಲ್ಲೇ ಆತ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಆಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಸರಿಸುಮಾರು ಅದೇ ಹೊತ್ತಿಗೆ ಅದೇ ಆಫೀಸಿಗೆ ಒಬ್ಬ ಹದಿಹರೆಯದ ಹುಡುಗ ಕೆಲಸಕ್ಕೆ ಸೇರಿದ. ಇಂಕಿನ ಕುಡಿಕೆ ತುಂಬಿಸುವುದು, ಊಟ ತಂದುಕೊಡುವುದು ಅವನ ಕೆಲಸ. ಪ್ರಕಾಶಕರ ಹೆಂಡತಿಯ ಕಡೆಯ ನೆಂಟ. ಅವನೇ ಸ್ಟ್ಯಾನ್ ಲೀ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆದ ಮೇಲೆ ಕರ್ಬಿ ಕೆಲಸ ಕೇಳಿಕೊಂಡು ಬಂದಾಗ ಆ ಹುಡುಗನೇ ಸಂಪಾದಕನ ಕುರ್ಚಿಯಲ್ಲಿದ್ದ. ಮುಂದೆ ಆದ ಮನಸ್ತಾಪದಲ್ಲಿ ಇದರ ಪಾಲು ಎಷ್ಟು ಅನ್ನುವುದನ್ನು ನಿಮ್ಮ ಊಹೆಗೇ ಬಿಡುತ್ತೇನೆ.

ಈ ಪದ್ಧತಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಒಂದು ಪಾತ್ರದ ಕಥೆ ಸಾಕು. 1966ರಲ್ಲಿ ‘ಫೆಂಟಾಸ್ಟಿಕ್ ಫೋರ್’ನ 48ನೇ ಸಂಚಿಕೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಎಂಬ ದೈತ್ಯ ಭೂಮಿಗೆ ಬರುತ್ತಾನೆ. ಇಷ್ಟು ಇಬ್ಬರೂ ಮಾತಾಡಿಕೊಂಡಿದ್ದರು. ಕರ್ಬಿ ಪುಟಗಳನ್ನು ಬರೆದು ತಂದಾಗ ಲೀ ಕಣ್ಣಿಗೆ ಒಬ್ಬ ವಿಚಿತ್ರ ವ್ಯಕ್ತಿ ಬಿದ್ದ. ಮೈಯೆಲ್ಲ ಬೆಳ್ಳಿ, ಅಲೆಯ ಮೇಲೆ ಸವಾರಿ ಮಾಡುವ ಹಲಗೆಯ ಮೇಲೆ ನಿಂತು ಆಕಾಶದಲ್ಲಿ ಹಾರುತ್ತಿದ್ದಾನೆ. ಯಾರಿವನು ಅಂತ ಲೀ ಕೇಳಿದರು. ಇಂಥ ದೊಡ್ಡ ದೈತ್ಯ ಬರುವಾಗ ಮುಂದೆ ಒಬ್ಬ ದೂತ ಬರಬೇಡವೇ ಅನ್ನುವುದು ಕರ್ಬಿ ಉತ್ತರ. ಹೀಗೆ ಬಂದವನು ಸಿಲ್ವರ್ ಸರ್ಫರ್. ಇದನ್ನು ಲೀ ಸ್ವತಃ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ಪಾತ್ರ ಪೂರ್ತಿ ಕರ್ಬಿಯದು ಅಂತ ಮುಚ್ಚುಮರೆ ಇಲ್ಲದೆ ಒಪ್ಪಿದ್ದಾರೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಬೆಳ್ಳಿ ಮನುಷ್ಯನ ಬಾಯಿಗೆ ಲೀ ಬರೆದ ಮಾತುಗಳು ಬಂದವು. ಅವನು ಮನುಷ್ಯರ ಕ್ರೌರ್ಯ ನೋಡಿ ಮರುಗುವ ಸಂತನ ಹಾಗೆ ಮಾತಾಡತೊಡಗಿದ. ಲೀಗೆ ಪಾತ್ರ ಎಷ್ಟು ಹಿಡಿಸಿತೆಂದರೆ 1968ರಲ್ಲಿ ಅವನಿಗೇ ಒಂದು ಪತ್ರಿಕೆ ಶುರು ಮಾಡಿದರು. ಚಿತ್ರಕ್ಕೆ ಕರೆದದ್ದು ಕರ್ಬಿಯನ್ನಲ್ಲ, ಜಾನ್ ಬುಸೆಮಾ ಎಂಬ ಇನ್ನೊಬ್ಬ ದೊಡ್ಡ ಕಲಾವಿದನನ್ನು. ಕರ್ಬಿಯ ಕಲ್ಪನೆಯಲ್ಲಿ ಸರ್ಫರ್ ಮನುಷ್ಯನೇ ಅಲ್ಲ, ಬರೀ ಶಕ್ತಿಯಿಂದ ಮಾಡಿದ ಜೀವ. ಮನುಷ್ಯರ ಭಾವನೆಗಳನ್ನು ಅವನು ಈಗಷ್ಟೇ ಕಲಿಯಬೇಕು. ಲೀ ಬರೆದ ಹುಟ್ಟಿನ ಕಥೆಯಲ್ಲಿ ಅವನು ಬೇರೊಂದು ಗ್ರಹದಲ್ಲಿ ಬಾಳುತ್ತಿದ್ದ ಸಾಮಾನ್ಯ ಮನುಷ್ಯ. ಪ್ರೀತಿಸಿದ ಹುಡುಗಿಯನ್ನು, ತನ್ನ ಊರನ್ನು ಉಳಿಸಲು ಗ್ಯಾಲಕ್ಟಸ್‌ನ ಸೇವೆಗೆ ಹೋದವನು. ಎರಡೂ ಒಳ್ಳೆಯ ಕಥೆಗಳೇ. ಆದರೆ ಮಗು ಹುಟ್ಟಿಸಿದವನನ್ನು ಕೇಳದೆ ಜಾತಕ ಬರೆದ ಹಾಗಾಯಿತು. ಕರ್ಬಿಗೆ ಇದು ಚುಚ್ಚಿತು.

ಕರ್ಬಿ ಕೆಲಸ ಮಾಡುತ್ತಿದ್ದದ್ದು ಮನೆಯ ನೆಲಮಾಳಿಗೆಯ ಒಂದು ಪುಟ್ಟ ಕೋಣೆಯಲ್ಲಿ. ಆ ಕಾಲದ ಅವರ ಮೂಲ ಪುಟಗಳನ್ನು ನೋಡಿದರೆ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು ಕಾಣುತ್ತವೆ. ಈ ಚೌಕದಲ್ಲಿ ಏನಾಗುತ್ತಿದೆ, ಇವನು ಯಾಕೆ ಹೀಗೆ ಮಾಡುತ್ತಿದ್ದಾನೆ, ಸುಮಾರು ಏನು ಹೇಳಬಹುದು. ಅದನ್ನು ನೋಡಿಕೊಂಡು ಲೀ ಕೊನೆಯ ಮಾತು ಬರೆಯುತ್ತಿದ್ದರು. ‘ತನನ’ ಜಾಗದಲ್ಲಿ ಸಂಗೀತ ನಿರ್ದೇಶಕನೇ ಒಂದೆರಡು ಡಮ್ಮಿ ಸಾಲು ಹಾಡಿ ಕಳಿಸಿದ ಹಾಗೆ.

ಇಲ್ಲಿ ಲೀ ಪರವಾಗಿಯೂ ಮಾತಾಡಬೇಕು. ಈಚೆಗೆ ಅವರನ್ನು ಬರೀ ಹೆಸರು ಹೊಡೆದುಕೊಂಡವರು ಅನ್ನುವುದು ಫ್ಯಾಷನ್ ಆಗಿದೆ. ನನಗೆ ಅದು ಒಪ್ಪಿಗೆ ಇಲ್ಲ. ಕಲ್ಲಿನ ಮೈಯ ದೈತ್ಯನೊಬ್ಬ ನ್ಯೂಯಾರ್ಕಿನ ಬೀದಿ ಹುಡುಗನ ಧಾಟಿಯಲ್ಲಿ ಗೊಣಗುವುದು, ಲೋಕ ಉಳಿಸಲು ಹೊರಟವರು ದಾರಿಯಲ್ಲಿ ಅಣ್ಣತಮ್ಮಂದಿರ ಹಾಗೆ ಕಿತ್ತಾಡುವುದು, ಓದುಗರನ್ನು ಗೆಳೆಯರಂತೆ ಮಾತಾಡಿಸುವುದು, ಈ ದನಿ ಲೀ ಅವರದು. ಮೊದಲ ಪುಟದಲ್ಲೇ ಚಿತ್ರಗಾರ, ಇಂಕ್ ಹಾಕಿದವರು, ಅಕ್ಷರ ಬರೆದವರು ಎಲ್ಲರ ಹೆಸರನ್ನೂ ತಮಾಷೆಯ ಅಡ್ಡಹೆಸರಿನ ಜೊತೆ ಅಚ್ಚು ಹಾಕಿಸಿದ್ದೂ ಅವರೇ. ಆ ಕಾಲದಲ್ಲಿ ಅದು ಅಪರೂಪ. ಕರ್ಬಿ 1970ರಲ್ಲಿ ಮಾರ್ವೆಲ್ ಬಿಟ್ಟು ಎದುರಾಳಿ ಡಿಸಿ ಕಂಪನಿಗೆ ಹೋಗಿ ಮಾತುಗಳನ್ನೂ ತಾವೇ ಬರೆದರು. ಕಲ್ಪನೆ ಆಕಾಶದೆತ್ತರ. ಆದರೆ ಪಾತ್ರಗಳು ಬಾಯಿ ತೆಗೆದರೆ ಭಾಷಣ. ಲೀ ಕಡೆ ನೋಡಿದರೆ, ಕರ್ಬಿ ಹೋದ ಮೇಲೆ ಅವರ ಕೈಯಿಂದ ಆ ಅಳತೆಯ ಇನ್ನೊಂದು ಲೋಕ ಹುಟ್ಟಲಿಲ್ಲ. ಇಬ್ಬರಿಗೂ ಇನ್ನೊಬ್ಬರಿಂದ ಏನು ಸಿಗುತ್ತಿತ್ತು ಅನ್ನುವುದು ಬೇರೆಯಾದ ಮೇಲೆ ಓದುಗರಿಗೆ ಕಂಡಿತು.

‘ಪರಿಗಣಿಸಿದ್ದೇನೆ’ ಅನ್ನುವ ಒಂದು ಪದ

ಸ್ಪೈಡರ್‌ಮ್ಯಾನ್ ವಿಷಯದಲ್ಲೂ ಇದೇ ಆಯಿತು, ಇನ್ನೂ ತಣ್ಣಗೆ. ಲೀ ಮೊದಲು ಕರ್ಬಿಗೇ ಕೊಟ್ಟಿದ್ದರು. ಕರ್ಬಿ ಬರೆದ ಹುಡುಗ ತೀರಾ ವೀರನ ಹಾಗೆ ಕಂಡ. ಕೆಲಸ ಸ್ಟೀವ್ ಡಿಟ್ಕೊ ಕೈಗೆ ಹೋಯಿತು. ಸಣಕಲು ಹುಡುಗ, ಮುಖ ಪೂರ್ತಿ ಮುಚ್ಚುವ ಮುಸುಕು, ಮೈಮುರಿದು ಜೇಡನ ಹಾಗೆ ಗೋಡೆಗೆ ಅಂಟುವ ಭಂಗಿ ಎಲ್ಲ ಡಿಟ್ಕೊ ಕೊಟ್ಟದ್ದು. 1962ರಲ್ಲಿ ಸ್ಪೈಡರ್‌ಮ್ಯಾನ್ ಹೊರಗೆ ಬಂದ.

ಆ ಪತ್ರಿಕೆಯ 33ನೇ ಸಂಚಿಕೆಯನ್ನು ಕಾಮಿಕ್ಸ್ ಕಲಿಯುವವರು ಇವತ್ತಿಗೂ ಪಾಠದಂತೆ ನೋಡುತ್ತಾರೆ. ಭಾರಿ ಯಂತ್ರವೊಂದರ ಅಡಿಯಲ್ಲಿ ಸ್ಪೈಡರ್‌ಮ್ಯಾನ್ ಸಿಕ್ಕಿಬಿದ್ದಿದ್ದಾನೆ. ನೀರು ಸುರಿಯುತ್ತಿದೆ. ಸಾಯುತ್ತಿರುವ ಮೇ ಚಿಕ್ಕಮ್ಮನಿಗೆ ಬೇಕಾದ ಔಷಧ ಕೈಗೆಟುಕದ ದೂರದಲ್ಲಿದೆ. ಕಥೆಯ ಎಳೆಯಲ್ಲಿ ಇದು ಒಂದೇ ಸಾಲು: ಯಂತ್ರ ಎತ್ತಿ ಹೊರಗೆ ಬರುತ್ತಾನೆ. ಡಿಟ್ಕೊ ಆ ಒಂದು ಸಾಲನ್ನು ಪುಟಗಟ್ಟಲೆ ಎಳೆದರು. ಒತ್ತೊತ್ತಾದ ಸಣ್ಣ ಚೌಕಗಳು, ಅದುರುವ ತೋಳು, ತಗ್ಗಿದ ತಲೆ. ಕೊನೆಗೆ ಇಡೀ ಪುಟ ತುಂಬುವ ಒಂದೇ ಚಿತ್ರದಲ್ಲಿ ಯಂತ್ರ ಮೇಲೇಳುತ್ತದೆ. ನಮ್ಮ ರಂಗಪ್ಪನ ಆಟ ನೆನಪಿದೆಯಲ್ಲ, ಇದೂ ಅದೇ. ಆ ಚೌಕಗಳಲ್ಲಿ ಹುಡುಗ ತನ್ನಷ್ಟಕ್ಕೇ ಆಡಿಕೊಳ್ಳುವ ಮಾತುಗಳು ಮಾತ್ರ ಲೀ ಬರೆದವು. ಆ ಮಾತುಗಳನ್ನು ತೆಗೆದುಬಿಟ್ಟರೆ ತೂಕ ಎತ್ತುವ ಪೈಲ್ವಾನನೊಬ್ಬ ಉಳಿಯುತ್ತಾನೆ.

ಈ ಸಂಚಿಕೆ ಬರುವ ಹೊತ್ತಿಗೆ ಇಬ್ಬರ ನಡುವೆ ಮಾತೇ ನಿಂತಿತ್ತು. ಡಿಟ್ಕೊ ತಾವೇ ಕಥೆ ಹೂಡಿ, ಪುಟ ಬರೆದು ಆಫೀಸಿಗೆ ತಲುಪಿಸುತ್ತಿದ್ದರು. ಲೀ ಅದಕ್ಕೆ ಮಾತು ಬರೆಯುತ್ತಿದ್ದರು. ಹಟ ಹಿಡಿದ ಮೇಲೆ 1965ರಲ್ಲಿ ‘ಕಥಾವಸ್ತು’ ಡಿಟ್ಕೊ ಅವರದು ಅಂತ ಅಚ್ಚಾಗತೊಡಗಿತು. 1966ರಲ್ಲಿ ಅವರು ಹೊರಟುಹೋದರು. ಆಮೇಲೆ ಸಂದರ್ಶನ ಕೊಟ್ಟದ್ದು, ಫೋಟೋ ತೆಗೆಸಿಕೊಂಡದ್ದು ತೀರಾ ಅಪರೂಪ.

1999ರಲ್ಲಿ ಲೀ ಒಂದು ಬಹಿರಂಗ ಪತ್ರ ಬರೆದು, ಡಿಟ್ಕೊ ಅವರನ್ನು ಸ್ಪೈಡರ್‌ಮ್ಯಾನ್‌ನ ಸಹಸೃಷ್ಟಿಕರ್ತ ಅಂತ ತಾವು ಯಾವಾಗಲೂ ಪರಿಗಣಿಸಿರುವುದಾಗಿ ಹೇಳಿದರು. ಡಿಟ್ಕೊ ಸುಮ್ಮನಿರಲಿಲ್ಲ. ‘ಪರಿಗಣಿಸು’ ಅನ್ನುವ ಪದವನ್ನೇ ಹಿಡಿದು ಜಗ್ಗಿದರು. ಪರಿಗಣಿಸುವುದು ಬೇರೆ, ಒಪ್ಪುವುದು ಬೇರೆ ಅನ್ನುವುದು ಅವರ ವಾದ. ಮುಂದೆ ಒಂದು ಟಿವಿ ಸಾಕ್ಷ್ಯಚಿತ್ರದಲ್ಲಿ ಲೀ ಅವರನ್ನು ಈ ಬಗ್ಗೆ ಕೆದಕಿದಾಗ, ಕಲ್ಪನೆ ಮೊದಲು ಹೊಳೆದವನೇ ಸೃಷ್ಟಿಕರ್ತ ಅಂತ ತಾವು ನಿಜವಾಗಿ ನಂಬುವುದಾಗಿ ಹೇಳಿಬಿಟ್ಟರು. ಡಿಟ್ಕೊ ಅನುಮಾನ ಪಟ್ಟದ್ದು ಸುಳ್ಳಾಗಲಿಲ್ಲ. ‘ಜೇಡದಂಥ ಹುಡುಗ’ ಅನ್ನುವ ಯೋಚನೆ ಒಂದು ನಿಮಿಷದ್ದು, ಅವನು ಹೇಗೆ ಕಾಣುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ಹೆದರುತ್ತಾನೆ ಅನ್ನುವುದು ವರ್ಷಗಳ ಕೆಲಸ. ನಾನು ಡಿಟ್ಕೊ ಕಡೆ.

ದುಡ್ಡಿನ ಲೆಕ್ಕ

ಇದೆಲ್ಲ ಬರೀ ಹೆಸರಿನ ಜಗಳ ಅಂದುಕೊಂಡರೆ ತಪ್ಪು. ಮಾರ್ವೆಲ್ ಮೆಥಡ್‌ನಲ್ಲಿ ಚಿತ್ರಗಾರನಿಗೆ ಚಿತ್ರದ ದುಡ್ಡು, ಬರಹಗಾರನಿಗೆ ಬರಹದ ದುಡ್ಡು. ಕಥೆಯನ್ನು ಚಿತ್ರಗಾರನೇ ಹೂಡಿದ್ದರೂ ಆ ಕೆಲಸಕ್ಕೆ ಬೇರೆ ಪೈಸೆ ಇಲ್ಲ. ವಾಲಿ ವುಡ್ ಎಂಬ ಹೆಸರಾಂತ ಕಲಾವಿದ ಇದೇ ಕಾರಣಕ್ಕೆ ಬೇಸತ್ತು ಬೇಗನೇ ಹೊರಟರು. ಅಲ್ಲಿ ಲೀ ಸಂಪಾದಕರೂ ಹೌದು, ಬರಹಗಾರರೂ ಹೌದು. ಕೆಲಸ ಕೊಡುವವರು ಅವರೇ, ಆ ಕೆಲಸದಲ್ಲಿ ಪಾಲುದಾರರೂ ಅವರೇ. ಹೀಗಿದ್ದಾಗ ಚಿತ್ರಗಾರ ಯಾರ ಹತ್ತಿರ ದೂರು ಹೇಳಬೇಕು?

ಅಂದಮಾತ್ರಕ್ಕೆ ಯಾವಾಗಲೂ ಚಿತ್ರಗಾರನಿಗೇ ಮೋಸ ಅಂತೇನಿಲ್ಲ. ಬ್ಯಾಟ್‌ಮ್ಯಾನ್ ವಿಷಯದಲ್ಲಿ ಉಲ್ಟಾ. ಚಿತ್ರಗಾರ ಬಾಬ್ ಕೇನ್ ಒಬ್ಬರ ಹೆಸರೇ ದಶಕಗಟ್ಟಲೆ ಮೆರೆಯಿತು. ಆ ಕಪ್ಪು ಮುಸುಕು, ಹಾರಾಡುವ ನಿಲುವಂಗಿ, ಬ್ರೂಸ್ ವೇನ್ ಅನ್ನುವ ಹೆಸರು ಇವನ್ನೆಲ್ಲ ಕೊಟ್ಟ ಬರಹಗಾರ ಬಿಲ್ ಫಿಂಗರ್ 1974ರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದೆ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಯಾರು ಒಪ್ಪಂದ ಮಾಡಿಕೊಂಡರೋ ಅವರ ಹೆಸರು ಉಳಿಯಿತು, ಅಷ್ಟೇ.

ಕರ್ಬಿ ಕಡೆಗೆ ವಾಪಸ್ ಬರೋಣ. 2009ರಲ್ಲಿ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಸ್ವಲ್ಪ ದಿನದಲ್ಲೇ ಕರ್ಬಿಯ ಮಕ್ಕಳು ಕಂಪನಿಗಳಿಗೆ 45 ನೋಟಿಸು ಕಳಿಸಿದರು. ಹಳೇ ಕೃತಿಗಳ ಹಕ್ಕನ್ನು ಇಷ್ಟು ವರ್ಷ ಆದ ಮೇಲೆ ಲೇಖಕನೋ ಅವನ ಮಕ್ಕಳೋ ವಾಪಸ್ ಕೇಳಬಹುದು ಅಂತ ಅಮೆರಿಕದ ಕಾನೂನು ಹೇಳುತ್ತದೆ. ಆದರೆ ಒಂದು ಕೊಕ್ಕೆ ಇದೆ. ಅದು ಕೂಲಿಗೆ ಮಾಡಿಕೊಟ್ಟ ಕೆಲಸ ಆಗಿರಬಾರದು. ಕೂಲಿ ಕೆಲಸವಾದರೆ ಕಾನೂನಿನ ಕಣ್ಣಲ್ಲಿ ಲೇಖಕ ಕಂಪನಿಯೇ.

ಸಂಬಳ ಇಲ್ಲ, ರಜೆ ಇಲ್ಲ, ಪೆನ್ಸಿಲು ನಮ್ಮಪ್ಪನದು, ನೆಲಮಾಳಿಗೆ ನಮ್ಮಪ್ಪನದು, ಮತ್ತೆ ಅದು ಹೇಗೆ ಕೂಲಿ ಕೆಲಸ ಅನ್ನುವುದು ಮಕ್ಕಳ ವಾದ. ಕೋರ್ಟು ನೋಡಿದ್ದು ಬೇರೆ. ಯಾರ ಹೇಳಿಕೆಯ ಮೇಲೆ ಮಾಡಿದ್ದು, ಯಾರ ಖರ್ಚಿನಲ್ಲಿ ಮಾಡಿದ್ದು? ಕೆಲಸ ಒಪ್ಪಿಸಿದ್ದು ಮಾರ್ವೆಲ್, ಪುಟದ ದುಡ್ಡು ಕೊಟ್ಟದ್ದು ಮಾರ್ವೆಲ್. 2011ರಲ್ಲಿ ಒಂದು ಕೋರ್ಟು, 2013ರಲ್ಲಿ ಮೇಲಿನ ಕೋರ್ಟು ಕಂಪನಿಯ ಪರ ನಿಂತವು. ಮಕ್ಕಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕೇಸು ತೆಗೆದುಕೊಳ್ಳಬೇಕೋ ಬೇಡವೋ ಅಂತ ನ್ಯಾಯಮೂರ್ತಿಗಳು ಕೂತು ಮಾತಾಡುವುದಕ್ಕೆ ಕೆಲವೇ ದಿನ ಇರುವಾಗ, 2014ರ ಸೆಪ್ಟೆಂಬರ್ 26ರಂದು, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಷರತ್ತುಗಳು ಹೊರಗೆ ಬರಲಿಲ್ಲ. ಕರ್ಬಿ ಹೆಸರು ಮಾತ್ರ ಪುಸ್ತಕಗಳಲ್ಲಿ ದೊಡ್ಡದಾಗಿ ಬರತೊಡಗಿತು.

ಗಮನಿಸಿ, ‘ಇದನ್ನು ಸೃಷ್ಟಿಸಿದವರು ಯಾರು’ ಅಂತ ಯಾವ ಕೋರ್ಟೂ ತೀರ್ಪು ಕೊಡಲಿಲ್ಲ. ಹಕ್ಕು ಯಾರದ್ದು ಅಂತ ಮಾತ್ರ ಹೇಳಿದವು.

ನಮ್ಮ ಕಡೆಯ ಒಂದು ಮಾತು. ನನ್ನ ವಯಸ್ಸಿನ ಹೆಚ್ಚಿನ ಕನ್ನಡಿಗರು ಮೊದಲು ಕಂಡ ಕಾಮಿಕ್ಸ್ ಅಂದರೆ ಅಮರ ಚಿತ್ರ ಕಥೆ. ಅದರ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಪರದೇಶದ ಮಕ್ಕಳ ಕಥೆಗಳು. ಇಂಗ್ಲಿಷಿನಲ್ಲಿ ಮೊದಲು ಬಂದ ‘ಕೃಷ್ಣ’ನಿಗೆ 11ನೇ ಸಂಖ್ಯೆ ಬಿದ್ದದ್ದು ಅದಕ್ಕೇ. ಸಂಪಾದಕ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಮಕ್ಕಳಿಗೆಲ್ಲ ಅವರು ಅಂಕಲ್ ಪೈ. ಆ ‘ಕೃಷ್ಣ’ನಿಗೆ ಚಿತ್ರ ಬರೆದವರು ರಾಮ್ ವಾಯೀರ್‌ಕರ್. ಬೆಣ್ಣೆ ಕದಿಯುವ ಕೃಷ್ಣನನ್ನು ಕಣ್ಣು ಮುಚ್ಚಿ ನೆನೆಸಿಕೊಂಡರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಕಾಣುವುದು ಆ ಪುಸ್ತಕಗಳ ನೀಲಿ ಹುಡುಗನೇ. ಆದರೂ ಹೆಸರು ಹೇಳಿ ಅಂದರೆ ಅಂಕಲ್ ಪೈ ಅನ್ನುತ್ತೇವೆ. ನಾನೂ ಬಹಳ ವರ್ಷ ಹಾಗೇ ಅಂದವನು.

ಬಾಬಿನಿಯ ಫ್ಲ್ಯಾಟು

ಜಗಳದ ಕಥೆ ಸಾಕು. ಸರಿಯಾಗಿ ಕೂಡಿಬಂದ ಜೋಡಿಯೂ ಉಂಟು. ‘ಆಸ್ಟರಿಕ್ಸ್’ ಕಾಮಿಕ್ಸ್ ಹುಟ್ಟಿಸಿದ ಫ್ರಾನ್ಸಿನ ರೆನೆ ಗೊಸಿನಿ ಮತ್ತು ಅಲ್ಬೇರ್ ಉಡೆರ್ಜೊ. ಇಬ್ಬರ ಭೇಟಿ 1951ರಲ್ಲಿ. ಗೊಸಿನಿ ಮೊದಲು ಚಿತ್ರಗಾರ ಆಗಬೇಕು ಅಂತ ಹೊರಟವರು, ಅದಕ್ಕಾಗಿ ನ್ಯೂಯಾರ್ಕಿನಲ್ಲಿ ಅಲೆದವರು. ಉಡೆರ್ಜೊ ಕೈ ನೋಡಿದ ಮೇಲೆ ಚಿತ್ರವನ್ನು ಅವರಿಗೇ ಬಿಟ್ಟರು. ಆದರೆ ಆ ಕಲಿಕೆ ಹಾಳಾಗಲಿಲ್ಲ. ಒಂದು ಚೌಕದಲ್ಲಿ ಎಷ್ಟು ಹಿಡಿಯುತ್ತದೆ, ಎಷ್ಟು ಹಿಡಿಯುವುದಿಲ್ಲ ಅಂತ ಗೊತ್ತಿದ್ದ ಬರಹಗಾರ ಅವರು. ಚೌಕ ಚೌಕಕ್ಕೂ ಏನು ನಡೆಯುತ್ತದೆ, ಯಾರು ಏನು ಹೇಳುತ್ತಾರೆ ಅಂತ ಟೈಪ್ ಮಾಡಿ ಕೊಡುತ್ತಿದ್ದರು.

ಆ ಕಾಲದ ಫ್ರಾನ್ಸಿನಲ್ಲೂ ಕಾಮಿಕ್ಸ್ ಬರಹಗಾರ ಅಂದರೆ ಲೆಕ್ಕಕ್ಕಿಲ್ಲದವನು. 1956ರಲ್ಲಿ ಗೊಸಿನಿ ಲೇಖಕರು ಮತ್ತು ಕಲಾವಿದರ ಹಕ್ಕಿಗಾಗಿ ಒಂದು ಗುಂಪು ಕಟ್ಟಲು ಹೋಗಿ ಕೆಲಸ ಕಳೆದುಕೊಂಡರು. ಉಡೆರ್ಜೊ ಅವರ ಹಿಂದೆಯೇ ಹೊರಗೆ ನಡೆದರು. ಆಸ್ಟರಿಕ್ಸ್ ಹುಟ್ಟುವ ಮೂರು ವರ್ಷ ಮುಂಚಿನ ಮಾತಿದು. ಲೀ ಮತ್ತು ಕರ್ಬಿ ನಡುವೆ ಇಲ್ಲದ್ದು ಇದೇ ಅನ್ನಿಸುತ್ತದೆ ನನಗೆ. ಅಲ್ಲಿ ಒಬ್ಬ ಕಂಪನಿಯ ಒಳಗೆ, ಒಬ್ಬ ಹೊರಗೆ. ಇಲ್ಲಿ ಇಬ್ಬರೂ ಒಟ್ಟಿಗೆ ಬೀದಿಗೆ ಬಿದ್ದವರು.

1959ರ ಬೇಸಿಗೆ. ‘ಪಿಲೋಟ್’ ಅನ್ನುವ ಹೊಸ ಪತ್ರಿಕೆಗೆ ಒಂದು ಧಾರಾವಾಹಿ ಬೇಕು. ನರಿಯ ಹಳೇ ಜಾನಪದ ಕಥೆ ಮಾಡೋಣ ಅಂತ ಹೊರಟಿದ್ದರು. ಅದನ್ನು ಆಗಲೇ ಇನ್ನೊಬ್ಬರು ಮಾಡಿದ್ದಾರೆ ಅಂತ ಗೊತ್ತಾಯಿತು. ಪ್ಯಾರಿಸ್ ಪಕ್ಕದ ಬಾಬಿನಿಯಲ್ಲಿ ಉಡೆರ್ಜೊ ಫ್ಲ್ಯಾಟಿನಲ್ಲಿ ಕೂತು, ಫ್ರಾನ್ಸಿನ ಇತಿಹಾಸವನ್ನು ಮೊದಲಿಂದ ಹೇಳುತ್ತಾ ಹೋಗು ಅಂದರು ಗೊಸಿನಿ. ಆ ನಾಡಿನ ಪ್ರಾಚೀನ ನಿವಾಸಿಗಳಾದ ಗಾಲ್ ಜನರ ಕಾಲಕ್ಕೆ ಬಂದಾಗ ನಿಲ್ಲಿಸಿದರು. ಅಲ್ಲೇ ಸಿಕ್ಕಿತು.

ಉಡೆರ್ಜೊ ಬರೆದ ಮೊದಲ ನಾಯಕ ಎತ್ತರದ, ಮೈಕಟ್ಟಿನ ಆಳು. ಗೊಸಿನಿಗೆ ಬೇಕಾಗಿದ್ದದ್ದು ಕುಳ್ಳ, ಚುರುಕು ಬುದ್ಧಿಯ, ನೋಡಿದರೆ ನಗು ಬರುವ ಮನುಷ್ಯ. ಗೊಸಿನಿ ಮಾತು ನಡೆಯಿತು, ಆಸ್ಟರಿಕ್ಸ್ ಕುಳ್ಳನಾದ. ಆದರೆ ಉಡೆರ್ಜೊಗೆ ದೊಡ್ಡ ಮೈ ಬಿಡಲು ಮನಸ್ಸಿಲ್ಲ. ಪಕ್ಕದಲ್ಲಿ ಒಬ್ಬ ದಡಿಯ ಇರಲಿ ಅಂದರು. ಬಂದವನು ಓಬೆಲಿಕ್ಸ್. ಮೊದಲ ಕಥೆಯಲ್ಲಿ ಅವನಿಗೆ ಅಂಥ ಕೆಲಸವೇನೂ ಇಲ್ಲ. ಈಗ ಅವನಿಲ್ಲದ ಆಸ್ಟರಿಕ್ಸನ್ನು ಊಹಿಸಿಕೊಳ್ಳಲು ಆಗುತ್ತದೆಯೇ? ಲೋಕಕ್ಕೆಲ್ಲ ಪ್ರಿಯವಾದ ಆ ಸ್ನೇಹ, ಬರಹಗಾರ ಮತ್ತು ಚಿತ್ರಗಾರನ ನಡುವಿನ ಒಂದು ಚೌಕಾಸಿ. 1961ರಲ್ಲಿ ಮೊದಲ ಪುಸ್ತಕ ಬರೀ 6,000 ಪ್ರತಿ ಅಚ್ಚಾಯಿತು. ಆ ದಶಕ ಮುಗಿಯುವ ಮೊದಲೇ ಒಂದೊಂದು ಪುಸ್ತಕ ಹತ್ತು ಲಕ್ಷ ದಾಟುತ್ತಿತ್ತು.

ಗೊಸಿನಿ ಬೇರೆ ಚಿತ್ರಗಾರರ ಜೊತೆಯೂ ಬರೆದರು. ಮೋರಿಸ್ ಜೊತೆ ‘ಲಕ್ಕಿ ಲೂಕ್’, ಸಾಂಪೆ ಜೊತೆ ಪುಟ್ಟ ನಿಕೋಲಾನ ಕಥೆಗಳು. ಬರಹಗಾರ ಒಬ್ಬನೇ, ನಗು ಮಾತ್ರ ಪ್ರತಿ ಸಲ ಬೇರೆ ಜಾತಿಯದು. ಮೋರಿಸ್ ಕೈಯಲ್ಲಿ ಒಣ ನಗು, ಉಡೆರ್ಜೊ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುವ ನಗು. ಗೊಸಿನಿ ಹೋದ ಮೇಲೆ 1980ರಿಂದ ಉಡೆರ್ಜೊ ಬರಹವನ್ನೂ ತಾವೇ ಹೊತ್ತರು. ಪುಸ್ತಕಗಳು ಚೆನ್ನಾಗಿಯೇ ಮಾರಿದವು. ಗೆರೆಯಲ್ಲಿ ಒಂದಿಷ್ಟೂ ಊನ ಇಲ್ಲ. ಆದರೆ ಎರಡು ಸಲ ಓದಿದಾಗ ಮೂರನೇ ಅರ್ಥ ಹೊಳೆಯುವ ಆ ಮಾತುಗಳು ಸಿಗುವುದು ಕಷ್ಟ.

ಗೊಸಿನಿ ತೀರಿಕೊಂಡದ್ದು 1977ರ ನವೆಂಬರ್ 5ರಂದು. ಹೃದಯದ ಪರೀಕ್ಷೆಗೆ ಅಂತ ಹೋಗಿದ್ದವರು ಪರೀಕ್ಷೆ ನಡೆಯುವಾಗಲೇ ಕುಸಿದುಬಿದ್ದರು. 51 ವರ್ಷ ವಯಸ್ಸು. ಆಸ್ಟರಿಕ್ಸ್ ಬೆಲ್ಜಿಯಂಗೆ ಹೋಗುವ ಕಥೆಯ ಸ್ಕ್ರಿಪ್ಟನ್ನು ಅವರು ಬರೆದು ಮುಗಿಸಿದ್ದರು. ಉಡೆರ್ಜೊ ಅರ್ಧಕ್ಕಿಂತ ಹೆಚ್ಚು ಪುಟ ಬರೆದಾಗಿತ್ತು. ಉಳಿದದ್ದನ್ನು ಒಬ್ಬರೇ ಮುಗಿಸಬೇಕಾಯಿತು. 1979ರಲ್ಲಿ ಪುಸ್ತಕ ಬಂತು. ಜಗಳ, ಹೊಡೆದಾಟ, ಊಟ, ತಮಾಷೆ ಎಲ್ಲ ಇದ್ದ ಹಾಗೇ ಇದೆ. ಮೊದಲ ಪುಟಗಳಲ್ಲಿ ಆಕಾಶ ತಿಳಿಯಾಗಿದೆ. 32ನೇ ಪುಟದಿಂದ ಮೋಡ ಕವಿಯುತ್ತದೆ. ಆಮೇಲೆ ಮಳೆ ಬರುತ್ತಲೇ ಇರುತ್ತದೆ.